ಆಮ್ಲಕ್ಕೆ ಅಪ್ಪ ಯಾರು?

ಹತ್ತನೇ ತರಗತಿಗೆ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಮಾಡುವಾಗಲೆಲ್ಲ ನನಗೊಂದು ಹಳೆಯ ಸಾಲ ನೆನಪಾಗುತ್ತದೆ. ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಲು ಸೇರಿಕೊಂಡಿದ್ದ ಮೊದಲ ವರ್ಷಗಳ ಮಾತು ಅದು. ಕಪ್ಪು ಹಲಗೆಯ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದ ಸೂತ್ರ ಬರೆದು ಈ ಕಡೆ ತಿರುಗುವಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. “ಸರ್, ಜನಕ ಅಂದ್ರೆ ಅಪ್ಪ ಅಲ್ವಾ? ಆಮ್ಲಜನಕ ಅಂದ್ರೆ ಆಮ್ಲದ ಅಪ್ಪ. ಹಾಗಾದ್ರೆ ಈ ಆಮ್ಲದಲ್ಲಿ ಆಮ್ಲಜನಕ ಎಲ್ಲಿದೆ?”

ಹಲಗೆಯ ಮೇಲೆ ಇದ್ದದ್ದು ಒಂದು ಜಲಜನಕ, ಒಂದು ಕ್ಲೋರಿನ್, ಅಷ್ಟೇ. “ಅದು ಬರೀ ಹೆಸರಮ್ಮ, ಹೆಸರಿಗೆಲ್ಲ ಅರ್ಥ ಹುಡುಕ್ತಾ ಕೂತ್ರೆ ಪಾಠ ಮುಗಿಯಲ್ಲ” ಅಂದೆ. ಹುಡುಗಿ ಕೂತಳು. ಪಾಠವೂ ಮುಗಿಯಿತು. ಆದರೆ ಅವಳು ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಕೊಟ್ಟದ್ದು ತಪ್ಪು ಉತ್ತರ ಎಂಬುದು ಆಗಲೇ ನನಗೆ ಅರ್ಧಂಬರ್ಧ ಗೊತ್ತಿತ್ತು. ಅದು ಬರೀ ಹೆಸರಲ್ಲ. ಒಂದು ಕಾಲಕ್ಕೆ ಅದೊಂದು ಸಿದ್ಧಾಂತವಾಗಿತ್ತು. ಸಿದ್ಧಾಂತ ಬಿದ್ದುಹೋಯಿತು, ಹೆಸರು ಉಳಿಯಿತು. ಅವಳಿಗೆ ಅಂದು ಹೇಳಬೇಕಾಗಿದ್ದ ಕಥೆಯನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಕಥೆ ಶುರುವಾಗುವುದು ಪ್ಯಾರಿಸ್ಸಿನಲ್ಲಿ. ಆಂಟ್ವಾನ್ ಲವಾಸಿಯೆ 1743ರಲ್ಲಿ ಹುಟ್ಟಿದ ಸ್ಥಿತಿವಂತರ ಮನೆಯ ಮಗ. ಹೊಟ್ಟೆಪಾಡಿಗೆ ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಗುತ್ತಿಗೆದಾರರ ಕೂಟದ ಪಾಲುದಾರ; ಮನಸ್ಸಿಗೆ ರಸಾಯನಶಾಸ್ತ್ರಜ್ಞ. ಲೆಕ್ಕ ಬರೆಯುವವನ ಶಿಸ್ತನ್ನೇ ಆತ ಪ್ರಯೋಗಶಾಲೆಗೂ ತಂದ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಎರಡೂ ತಾಳೆಯಾಗಲೇಬೇಕು. 1772ರಲ್ಲಿ ಗಂಧಕವನ್ನೂ ರಂಜಕವನ್ನೂ ಉರಿಸಿ ತೂಗಿ ನೋಡಿದ. ಉರಿದ ಮೇಲೆ ತೂಕ ಕಡಿಮೆಯಾಗುವುದರ ಬದಲು ಹೆಚ್ಚಾಗಿತ್ತು. ಗಾಳಿಯಿಂದ ಏನೋ ಬಂದು ಸೇರಿಕೊಂಡಿದೆ ಎಂದು ಬರೆದು, ಲಕೋಟೆಗೆ ಮೊಹರು ಹಾಕಿ, ಅದೇ ವರ್ಷ ನವೆಂಬರ್ 1ರಂದು ವಿಜ್ಞಾನ ಅಕಾಡೆಮಿಯಲ್ಲಿ ಇಟ್ಟುಬಂದ.

ಆ ‘ಏನೋ’ ಯಾವುದು? ಉತ್ತರ ಇಂಗ್ಲೆಂಡಿನಿಂದ ಬಂತು. 1774ರ ಆಗಸ್ಟ್ 1ರಂದು ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿದಾಗ ಒಂದು ಗಾಳಿ ಹೊರಬಂತು. ಅದರಲ್ಲಿ ಮೇಣದ ಬತ್ತಿ ಪ್ರಖರವಾಗಿ ಉರಿಯಿತು. ಆ ವರ್ಷದ ಅಕ್ಟೋಬರಿನಲ್ಲಿ ಪ್ಯಾರಿಸ್ಸಿಗೆ ಬಂದಿದ್ದ ಪ್ರೀಸ್ಟ್ಲಿ ಲವಾಸಿಯೆಯ ಊಟದ ಮೇಜಿನಲ್ಲಿ ಕೂತು ಇದನ್ನು ಹೇಳಿದ. ಸ್ವೀಡನ್ನಿನ ಔಷಧ ಅಂಗಡಿಯ ಕಾರ್ಲ್ ವಿಲ್ಹೆಲ್ಮ್ ಷೀಲೆ ಇದೇ ಗಾಳಿಯನ್ನು ಪ್ರೀಸ್ಟ್ಲಿಗಿಂತ ಮೊದಲೇ ತಯಾರಿಸಿದ್ದ. ಅವನ ಪುಸ್ತಕ ಅಚ್ಚಾದದ್ದು ಮಾತ್ರ 1777ರಲ್ಲಿ. ಹೀಗೆ ಗಾಳಿಯನ್ನು ಕಂಡವರು ಇಬ್ಬರು, ಕಂಡದ್ದೇನೆಂದು ಅರ್ಥ ಹೇಳಿದವನು ಮೂರನೆಯವನು.

ಲವಾಸಿಯೆ ಮೊದಲು ಅದನ್ನು ಕರೆದದ್ದು ‘ಉಸಿರಾಟಕ್ಕೆ ಅತ್ಯುತ್ತಮವಾದ ಗಾಳಿ’ ಎಂದು. ಅಲ್ಲಿಗೇ ನಿಂತಿದ್ದರೆ ನಮ್ಮ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನ ಮುಂದೆ ಇನ್ನೊಂದು ಸಾಕ್ಷ್ಯ ರಾಶಿ ಬಿದ್ದಿತ್ತು. ಗಂಧಕ ಉರಿದು ಬಂದದ್ದನ್ನು ನೀರಿಗೆ ಹಾಕಿದರೆ ಆಮ್ಲ. ರಂಜಕ ಉರಿದು ಬಂದ ಬಿಳಿ ಪುಡಿಯನ್ನು ನೀರಿಗೆ ಹಾಕಿದರೂ ಆಮ್ಲ. ಇದ್ದಿಲು ಉರಿದು ಬಂದ ಗಾಳಿ ನೀರಿನಲ್ಲಿ ಕರಗಿದರೆ ಅದೂ ಸಣ್ಣಗೆ ಹುಳಿ. ನೈಟ್ರಿಕ್ ಆಮ್ಲವನ್ನು ಒಡೆದು ನೋಡಿದರೆ ಅದರಲ್ಲೂ ಇದೇ ಗಾಳಿ. ಎಲ್ಲಿ ಹುಳಿಯೋ ಅಲ್ಲಿ ಇದು. ಅಂದಮೇಲೆ ಹುಳಿಗೆ ಮೂಲ ಇದೇ ಎಂದು ಆತ ತೀರ್ಮಾನಿಸಿದ. 1779ರಲ್ಲಿ ಅಕಾಡೆಮಿಯ ಮುಂದೆ ಓದಿದ ಪ್ರಬಂಧದಲ್ಲಿ ಗ್ರೀಕಿನ ‘ಹುಳಿ, ಚೂಪು’ ಎಂಬ ಮಾತಿಗೆ ‘ಹುಟ್ಟಿಸುವುದು’ ಎಂಬ ಮಾತನ್ನು ಜೋಡಿಸಿ ಹೆಸರಿಟ್ಟ. ಆ ಹೆಸರೇ ಮುಂದೆ ಆಕ್ಸಿಜನ್ ಆಯಿತು.

ಈ ತೀರ್ಮಾನವನ್ನು ಇಂದು ನಗುವುದು ಸುಲಭ. ಆದರೆ ಆ ಕಾಲದ ಸಾಕ್ಷ್ಯವನ್ನು ನಮ್ಮ ಅಡುಗೆಮನೆಯಲ್ಲಿ ನಿಂತು ನೋಡಿ. ಹುಣಸೆಹಣ್ಣಿನಲ್ಲಿರುವುದು ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ಹುಳಿ ಮಜ್ಜಿಗೆಯಲ್ಲಿ ಲ್ಯಾಕ್ಟಿಕ್, ವಿನಿಗರಿನಲ್ಲಿ ಅಸಿಟಿಕ್. ಎಲ್ಲದರಲ್ಲೂ ಆಮ್ಲಜನಕ ಇದೆ. ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು 1780ರಲ್ಲಿ, ನಿಂಬೆರಸದಿಂದ ಸಿಟ್ರಿಕ್ ಆಮ್ಲವನ್ನು 1784ರಲ್ಲಿ ಬೇರ್ಪಡಿಸಿ ತೆಗೆದವನು ಅದೇ ಷೀಲೆ. ಪ್ರತಿಯೊಂದು ಹೊಸ ಹುಳಿಯೂ ಲವಾಸಿಯೆಯ ಪರವಾಗಿಯೇ ಸಾಕ್ಷಿ ನುಡಿಯುತ್ತಿತ್ತು. ಅಡುಗೆಮನೆ ಪೂರ್ತಿ ಅವನ ಪಕ್ಷ. ವಿರುದ್ಧ ಇದ್ದದ್ದು ಬಚ್ಚಲುಮನೆ ಮಾತ್ರ. ಕಕ್ಕಸು ತೊಳೆಯಲು ಅಂಗಡಿಯಿಂದ ಬಾಟಲಿಯಲ್ಲಿ ತರುತ್ತೇವಲ್ಲ, ‘ಆ್ಯಸಿಡ್’ ಎಂದಷ್ಟೇ ಕೇಳಿ, ಆ ಹೈಡ್ರೋಕ್ಲೋರಿಕ್ ಆಮ್ಲವೇ ಅವನ ಸಿದ್ಧಾಂತಕ್ಕೆ ಮುಳ್ಳಾದದ್ದು.

ಆಗ ಅದರ ಹೆಸರು ಮ್ಯೂರಿಯಾಟಿಕ್ ಆಮ್ಲ. ಲ್ಯಾಟಿನ್ನಿನಲ್ಲಿ ‘ಮೂರಿಯ’ ಎಂದರೆ ಉಪ್ಪುನೀರು. ಅಡುಗೆ ಉಪ್ಪಿನಿಂದ ಮಾಡುತ್ತಿದ್ದುದರಿಂದ ಆ ಹೆಸರು. ಬಹಳ ಪ್ರಬಲವಾದ ಆಮ್ಲ. ಆದರೆ ಯಾರು ಎಷ್ಟು ಹೆಣಗಿದರೂ ಅದನ್ನು ಒಡೆದು ಆಮ್ಲಜನಕವನ್ನು ಹೊರತೆಗೆಯಲು ಆಗಿರಲಿಲ್ಲ. ಲವಾಸಿಯೆಗೆ ಇದು ಗೊತ್ತಿತ್ತು. 1789ರಲ್ಲಿ ಪ್ರಕಟವಾದ ತನ್ನ ರಸಾಯನಶಾಸ್ತ್ರದ ಪ್ರಸಿದ್ಧ ಪಠ್ಯದಲ್ಲಿ 33 ಸರಳ ವಸ್ತುಗಳ ಪಟ್ಟಿ ಮಾಡಿದ. ಅದರೊಳಗೆ ‘ಮ್ಯೂರಿಯಾಟಿಕ್ ಮೂಲ’ ಎಂದೊಂದು ಹೆಸರನ್ನೂ ಸೇರಿಸಿ, ಅದರ ಎದುರು ‘ಅಜ್ಞಾತ’ ಎಂದು ಬರೆದ. ಈ ಅಜ್ಞಾತ ವಸ್ತು ಆಮ್ಲಜನಕದೊಂದಿಗೆ ಸೇರಿ ಆಮ್ಲವಾಗಿದೆ, ಇಂದಲ್ಲ ನಾಳೆ ಒಡೆಯುತ್ತದೆ ಎಂಬುದು ಅವನ ನಂಬಿಕೆ. ಕಂಡವರಿಲ್ಲದ ವಸ್ತುವಿಗೆ ಪಟ್ಟಿಯಲ್ಲಿ ಜಾಗ ಕಾದಿರಿಸಿದ್ದ.

ಈ ಪಠ್ಯಕ್ಕೆ ಎರಡು ವರ್ಷ ಮೊದಲು, 1787ರಲ್ಲಿ, ಲವಾಸಿಯೆ ಮತ್ತು ಅವನ ಮೂವರು ಜೊತೆಗಾರರಾದ ಗೀಟನ್ ದ ಮೊರ್ವೊ, ಬರ್ತೊಲೆ, ಫೂರ್ಕ್ರ್ವಾ ಸೇರಿ ರಸಾಯನಶಾಸ್ತ್ರದ ಹೆಸರುಗಳನ್ನೆಲ್ಲ ಹೊಸದಾಗಿ ಕಟ್ಟಿದ್ದರು. ವಸ್ತುವಿನ ಹೆಸರು ಕೇಳಿದೊಡನೆ ಅದರೊಳಗೆ ಏನಿದೆಯೆಂದು ತಿಳಿಯಬೇಕು ಎಂಬುದು ಅವರ ಆಸೆ. ಗಂಧಕದ ಆಮ್ಲಗಳಲ್ಲಿ ಆಮ್ಲಜನಕ ಹೆಚ್ಚಿದ್ದರೆ ಸಲ್ಫ್ಯೂರಿಕ್, ಕಡಿಮೆಯಿದ್ದರೆ ಸಲ್ಫ್ಯೂರಸ್. ಆ ‘ಇಕ್’ ಮತ್ತು ‘ಅಸ್’ ಪ್ರತ್ಯಯಗಳನ್ನು ನಾವು ಇಂದಿಗೂ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಭಾಷೆ ತಿದ್ದದೆ ಶಾಸ್ತ್ರ ತಿದ್ದಲಾಗದು ಎಂದು ಲವಾಸಿಯೆ ಗಾಢವಾಗಿ ನಂಬಿದ್ದ. ಸಾಹಿತ್ಯದ ಓದುಗರಾದ ನಮಗೆ ಇದು ಬಹಳ ಹತ್ತಿರದ ಮಾತು. ಅಪಾಯವೂ ಅದರೊಳಗೇ ಇತ್ತು. ಹೆಸರಿನೊಳಗೆ ಸಿದ್ಧಾಂತವನ್ನು ತುಂಬಿಟ್ಟರೆ, ಸಿದ್ಧಾಂತ ತಪ್ಪಿದ ದಿನ ಹೆಸರು ಸುಳ್ಳು ಹೇಳಲು ತೊಡಗುತ್ತದೆ.

ಸುಳಿವುಗಳು ಬೇಗನೆ ಸಿಗತೊಡಗಿದ್ದವು. ಹೆಸರಿಡುವ ನಾಲ್ವರಲ್ಲಿ ಒಬ್ಬನಾದ ಬರ್ತೊಲೆಯೇ ಅದೇ 1787ರಲ್ಲಿ ಪ್ರಷ್ಯನ್ ನೀಲಿ ಬಣ್ಣದಿಂದ ಬರುವ ಪ್ರೂಸಿಕ್ ಆಮ್ಲವನ್ನು ಪರೀಕ್ಷಿಸಿ, ಅದರಲ್ಲಿ ಆಮ್ಲಜನಕದ ಸುಳಿವಿಲ್ಲ ಎಂದ. ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಗಾಳಿಯೂ ಆಮ್ಲದಂತೆ ವರ್ತಿಸುತ್ತದೆ, ಅದರಲ್ಲೂ ಆಮ್ಲಜನಕ ಕಾಣದು ಎಂದು 1796ರಲ್ಲಿ ತೋರಿಸಿದ. ಆದರೆ ಇವೆರಡೂ ದುರ್ಬಲ ಆಮ್ಲಗಳು. ‘ಇವೇನು ನಿಜವಾದ ಆಮ್ಲಗಳೇ?’ ಎಂದು ಪಕ್ಕಕ್ಕೆ ಸರಿಸಲು ಅಡ್ಡಿಯಿರಲಿಲ್ಲ. ಮ್ಯೂರಿಯಾಟಿಕ್ ಆಮ್ಲವನ್ನು ಹಾಗೆ ಸರಿಸುವಂತಿರಲಿಲ್ಲ.

ಮ್ಯೂರಿಯಾಟಿಕ್ ಆಮ್ಲದ ಬಳಿ ಇನ್ನೊಂದು ಗುಟ್ಟೂ ಇತ್ತು. 1774ರಲ್ಲೇ ಷೀಲೆ ಅದನ್ನು ಕಪ್ಪು ಮ್ಯಾಂಗನೀಸ್ ಅದಿರಿನೊಂದಿಗೆ ಕಾಯಿಸಿ, ಉಸಿರು ಕಟ್ಟಿಸುವ ಹಳದಿ ಹಸಿರು ಗಾಳಿಯೊಂದನ್ನು ಪಡೆದಿದ್ದ. ಬಣ್ಣ ಹಾಕಿದ ಬಟ್ಟೆಯನ್ನು ಅದು ಬಿಳುಪು ಮಾಡುತ್ತಿತ್ತು. ಬರ್ತೊಲೆ 1785ರಲ್ಲಿ ಆ ಗಾಳಿಯನ್ನು ನೀರಿನಲ್ಲಿ ಕರಗಿಸಿ ಬಿಸಿಲಿಗಿಟ್ಟ. ಗುಳ್ಳೆ ಗುಳ್ಳೆಯಾಗಿ ಆಮ್ಲಜನಕ ಬಂತು, ಪಾತ್ರೆಯಲ್ಲಿ ಉಳಿದದ್ದು ಮ್ಯೂರಿಯಾಟಿಕ್ ಆಮ್ಲ. ಇನ್ನೇನು ಬೇಕು? ಹಸಿರು ಗಾಳಿಯೆಂದರೆ ಮ್ಯೂರಿಯಾಟಿಕ್ ಆಮ್ಲಕ್ಕೆ ಇನ್ನಷ್ಟು ಆಮ್ಲಜನಕ ಸೇರಿದ್ದು ಎಂದು ನಿರ್ಧಾರವಾಯಿತು. ‘ಆಕ್ಸಿಮ್ಯೂರಿಯಾಟಿಕ್ ಆಮ್ಲ’ ಎಂದು ಹೆಸರೂ ಆಯಿತು. ಆ ಗುಳ್ಳೆಗಳು ಗಾಳಿಯಿಂದ ಬಂದವೋ, ಅದು ಕರಗಿದ್ದ ನೀರಿನಿಂದ ಬಂದವೋ ಎಂಬ ಪ್ರಶ್ನೆ ಮಾತ್ರ ಪಕ್ಕಕ್ಕೆ ಉಳಿಯಿತು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆ ಇಂಥ ಗುಳ್ಳೆಗಳಿಗಾಗಿಯೇ ಇರುವಂತಿದೆ.

ಲವಾಸಿಯೆ ಇದರ ಕೊನೆ ನೋಡಲಿಲ್ಲ. ಫ್ರಾನ್ಸಿನ ಕ್ರಾಂತಿ ತೆರಿಗೆ ಗುತ್ತಿಗೆದಾರರನ್ನು ಕ್ಷಮಿಸಲಿಲ್ಲ. 1794ರ ಮೇ 8ರಂದು, ಐವತ್ತರ ವಯಸ್ಸಿನಲ್ಲಿ, ತನ್ನ ಮಾವನೂ ಸೇರಿದಂತೆ ಇತರ ಗುತ್ತಿಗೆದಾರರ ಜೊತೆಯಲ್ಲಿ ಅವನ ತಲೆಯೂ ಗಿಲಟಿನ್ನಿಗೆ ಉರುಳಿತು. ತಂದೆ, ಗಂಡ ಇಬ್ಬರನ್ನೂ ಒಂದೇ ದಿನ ಕಳೆದುಕೊಂಡವಳು ಮರಿ ಆನ್. ಗಂಡನಿಗಾಗಿ ಇಂಗ್ಲಿಷ್ ಕಲಿತು ವಿಜ್ಞಾನದ ಬರಹಗಳನ್ನು ಅನುವಾದಿಸಿದ್ದವಳು, 1789ರ ಪಠ್ಯಕ್ಕೆ ಉಪಕರಣಗಳ ಚಿತ್ರಗಳನ್ನು ಬರೆದುಕೊಟ್ಟಿದ್ದವಳು ಆಕೆಯೇ.

ಅದೇ ಪಠ್ಯವನ್ನು ಓದಿ ರಸಾಯನಶಾಸ್ತ್ರ ಕಲಿಯಲು ತೊಡಗಿದ ಹುಡುಗನೊಬ್ಬ ಇಂಗ್ಲೆಂಡಿನ ಪಶ್ಚಿಮ ತುದಿಯ ಪೆನ್‌ಜಾನ್ಸ್ ಊರಿನಲ್ಲಿದ್ದ. ಹೆಸರು ಹಂಫ್ರಿ ಡೇವಿ, 1778ರಲ್ಲಿ ಹುಟ್ಟಿದವನು, ಊರಿನ ವೈದ್ಯನೊಬ್ಬನ ಬಳಿ ಕೆಲಸ ಕಲಿಯಲು ಸೇರಿದ್ದವನು. ಹತ್ತು ವರ್ಷಗಳಲ್ಲಿ ಆತ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಸಿದ್ಧ ಉಪನ್ಯಾಸಕನಾಗಿದ್ದ. 1807ರಲ್ಲಿ ಕರಗಿದ ಪೊಟ್ಯಾಷ್‌ಗೆ ವಿದ್ಯುತ್ ಹರಿಸಿ ಪೊಟ್ಯಾಸಿಯಂ ಎಂಬ ಹೊಸ ಲೋಹವನ್ನು ಹೊರತೆಗೆದ. ಆಗ ಒಂದು ತಮಾಷೆ ಬಯಲಾಯಿತು. ಪೊಟ್ಯಾಷ್ ಎಂದರೆ ತೀಕ್ಷ್ಣವಾದ ಕ್ಷಾರ, ಆಮ್ಲದ ಎದುರಾಳಿ. ಅದರೊಳಗೂ ಆಮ್ಲಜನಕ ಕೂತಿತ್ತು. ಆಮ್ಲಕ್ಕೆ ಅಪ್ಪನೆನಿಸಿಕೊಂಡವನು ಎದುರಾಳಿಯ ಮನೆಯಲ್ಲೂ ಸಂಸಾರ ಹೂಡಿದ್ದ.

ಈಗ ಡೇವಿ ಹಸಿರು ಗಾಳಿಯ ಕಡೆ ತಿರುಗಿದ. ಅದರಲ್ಲಿ ಆಮ್ಲಜನಕವಿದ್ದರೆ ಕಾದ ಇದ್ದಿಲು ಅದನ್ನು ಕಿತ್ತುಕೊಳ್ಳಲೇಬೇಕು. ಇದ್ದಿಲಿಗೆ ಆಮ್ಲಜನಕದ ಮೇಲೆ ಅಷ್ಟು ಆಸೆ. ಪ್ಯಾರಿಸ್ಸಿನಲ್ಲಿ ಗೇ-ಲುಸಾಕ್ ಮತ್ತು ಥೆನಾರ್ 1809ರಲ್ಲಿ ಕೆಂಪಗೆ ಕಾದ ಇದ್ದಿಲಿನ ಮೇಲೆ ಆ ಗಾಳಿಯನ್ನು ಹಾಯಿಸಿದ್ದರು, ಅದು ಒಡೆಯಲಿಲ್ಲ. ಬಹುಶಃ ಇದೊಂದು ಮೂಲವಸ್ತುವೇ ಇರಬಹುದು ಎಂಬಲ್ಲಿಯವರೆಗೆ ಅವರು ಬಂದು, ಹಳೆಯ ಅಭಿಪ್ರಾಯಕ್ಕೇ ಹಿಂತಿರುಗಿದರು. ಡೇವಿ ಬ್ಯಾಟರಿಯ ಶಕ್ತಿಯಿಂದ ಇದ್ದಿಲನ್ನು ಬೆಳ್ಳಗೆ ಕಾಯಿಸಿ ನೋಡಿದ. ಆಗಲೂ ಏನೂ ಆಗಲಿಲ್ಲ. ಲೋಹಗಳೊಂದಿಗೆ ಸೇರಿಸಿ ನೋಡಿದ, ಜಲಜನಕದೊಂದಿಗೆ ಸೇರಿಸಿ ನೋಡಿದ. ಹಸಿರು ಗಾಳಿಗೆ ಜಲಜನಕ ಸೇರಿದರೆ ಹುಟ್ಟುತ್ತಿದ್ದದ್ದು ಮ್ಯೂರಿಯಾಟಿಕ್ ಆಮ್ಲದ ಗಾಳಿ, ಬೇರೇನಿಲ್ಲ. ಆಮ್ಲಜನಕ ಕಾಣಿಸಿಕೊಂಡದ್ದು ಪಾತ್ರೆಯಲ್ಲಿ ನೀರೋ, ಆಮ್ಲಜನಕವಿದ್ದ ಬೇರೊಂದು ವಸ್ತುವೋ ಮೊದಲೇ ಇದ್ದಾಗ ಮಾತ್ರ. ಬರ್ತೊಲೆಯ ಗುಳ್ಳೆಗಳು ನೀರಿನವು.

1810ರಲ್ಲಿ ರಾಯಲ್ ಸೊಸೈಟಿಯ ಮುಂದೆ ಡೇವಿ ಇದನ್ನು ಮಂಡಿಸಿದ. ಅವನ ವಾದದ ಬಲ ಇದ್ದದ್ದು ಲವಾಸಿಯೆಯದೇ ನಿಯಮದಲ್ಲಿ. ಯಾವ ವಿಧಾನದಿಂದಲೂ ಮತ್ತೆ ಒಡೆಯಲಾಗದ ವಸ್ತುವನ್ನು ಮೂಲವಸ್ತುವೆಂದೇ ಎಣಿಸಬೇಕು ಎಂದು 1789ರ ಪಠ್ಯದ ಮುನ್ನುಡಿಯಲ್ಲಿ ಲವಾಸಿಯೆ ಹೇಳಿದ್ದ. ಹಸಿರು ಗಾಳಿಯನ್ನು ಯಾರಿಂದಲೂ ಒಡೆಯಲಾಗಿಲ್ಲ, ಆದ್ದರಿಂದ ಅದು ಮೂಲವಸ್ತು ಎಂದ ಡೇವಿ. ಗುರುವಿನ ತೀರ್ಪನ್ನು ಗುರುವಿನ ಕಾನೂನಿನಿಂದಲೇ ರದ್ದು ಮಾಡಿದ ಹಾಗೆ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಘಟ್ಟ ಇದು. ಲವಾಸಿಯೆ ಸೋತದ್ದು ಲವಾಸಿಯೆಗೇ.

ಹೊಸ ವಸ್ತುವಿಗೆ ಡೇವಿ ಇಟ್ಟ ಹೆಸರನ್ನೂ ಗಮನಿಸಿ. ಗ್ರೀಕಿನಲ್ಲಿ ಹಳದಿ ಹಸಿರು ಎಂಬರ್ಥದ ಪದದಿಂದ ‘ಕ್ಲೋರಿನ್’ ಎಂದ. ಕಣ್ಣಿಗೆ ಕಾಣುವ ಬಣ್ಣ, ಅಷ್ಟೇ. ಮುಂದೊಂದು ದಿನ ಇದು ಸಂಯುಕ್ತವೆಂದು ಗೊತ್ತಾದರೂ, ಆಮ್ಲಜನಕವೇ ಇದರಲ್ಲಿ ಸಿಕ್ಕರೂ, ಈ ಹೆಸರು ಸುಳ್ಳಾಗುವುದಿಲ್ಲ ಎಂದು ಆತ ಬರೆದ. ಬೇರೊಬ್ಬರ ಹೆಸರು ಸುಳ್ಳಾದದ್ದನ್ನು ಕಣ್ಣಾರೆ ಕಂಡವನ ಎಚ್ಚರಿಕೆ ಅದು.

ಎಲ್ಲರೂ ತಕ್ಷಣ ಒಪ್ಪಲಿಲ್ಲ. 1813ರಲ್ಲಿ, ಎರಡು ದೇಶಗಳ ನಡುವೆ ಯುದ್ಧ ನಡೆಯುತ್ತಿದ್ದಾಗಲೇ, ನೆಪೋಲಿಯನ್ನನ ಅನುಮತಿ ಪಡೆದು ಡೇವಿ ಪ್ಯಾರಿಸ್ಸಿಗೆ ಹೋದ. ಸಹಾಯಕನಾಗಿ ಜೊತೆಗಿದ್ದವನು ತರುಣ ಮೈಕೆಲ್ ಫ್ಯಾರಡೆ. ಅಲ್ಲಿ ಕಡಲಕಳೆಯ ಬೂದಿಯಿಂದ ಸಿಕ್ಕಿದ್ದ, ಕಾಯಿಸಿದರೆ ನೇರಳೆ ಹೊಗೆಯಾಗುವ ವಸ್ತುವೊಂದು ಅವನ ಕೈಗೆ ಬಂತು. ಅದೇ ಅಯೋಡಿನ್. ಡೇವಿ ಮತ್ತು ಗೇ-ಲುಸಾಕ್ ಇಬ್ಬರೂ ಪೈಪೋಟಿಯಲ್ಲಿ ಅದನ್ನು ಪರೀಕ್ಷಿಸಿದರು. ಅದೂ ಕ್ಲೋರಿನ್ನಿನ ಬಂಧು. ಅದೂ ಆಮ್ಲಜನಕದ ಹಂಗಿಲ್ಲದೆ, ಜಲಜನಕದೊಂದಿಗೆ ಸೇರಿ ಆಮ್ಲವಾಗುತ್ತಿತ್ತು. 1815ರಲ್ಲಿ ಗೇ-ಲುಸಾಕ್ ಪ್ರೂಸಿಕ್ ಆಮ್ಲದಲ್ಲಿ ಇರುವುದು ಜಲಜನಕ, ಇಂಗಾಲ, ಸಾರಜನಕ ಮಾತ್ರ ಎಂದು ಖಚಿತವಾಗಿ ತೋರಿಸಿದ. ಸ್ವೀಡನ್ನಿನ ಹಿರಿಯ ಬರ್ಜೀಲಿಯಸ್ ಬಹುಕಾಲ ಹಟ ಹಿಡಿದು, ಕೊನೆಗೆ 1820ರ ಸುಮಾರಿಗೆ ಮಣಿದ. ಪಾತ್ರೆ ತೊಳೆಯುತ್ತಿದ್ದ ಮನೆಗೆಲಸದ ಅನ್ನಾ, ಆಕ್ಸಿಮ್ಯೂರಿಯಾಟಿಕ್ ಆಮ್ಲದ ವಾಸನೆ ಬರುತ್ತಿದೆ ಎಂದಾಗ, ಇನ್ನು ಮೇಲೆ ಹಾಗನ್ನಬೇಡ, ಕ್ಲೋರಿನ್ ಎನ್ನು, ಅದೇ ಸರಿ ಎಂದು ಆತ ತಿದ್ದಿದ್ದನ್ನು ಅವನ ಶಿಷ್ಯ ವೋಲರ್ ನೆನಪಿಸಿಕೊಂಡಿದ್ದಾನೆ. ದೊಡ್ಡ ವಿದ್ವಾಂಸ ತನ್ನ ಸೋಲನ್ನು ಒಪ್ಪಿಕೊಂಡದ್ದು ಹೀಗೆ, ಬಚ್ಚಲ ಬಾಗಿಲಲ್ಲಿ ನಿಂತು.

ಹಾಗಾದರೆ ಆಮ್ಲಕ್ಕೆ ನಿಜವಾದ ಅಪ್ಪ ಯಾರು? ಮ್ಯೂರಿಯಾಟಿಕ್, ಪ್ರೂಸಿಕ್, ಕೊಳೆತ ಮೊಟ್ಟೆಯ ವಾಸನೆಯದು, ಹುಣಸೆಹಣ್ಣಿನದು, ಗಂಧಕದ್ದು, ಎಲ್ಲದರಲ್ಲೂ ತಪ್ಪದೆ ಇದ್ದವನು ಜಲಜನಕ. 1838ರಲ್ಲಿ ಜರ್ಮನಿಯ ಲೀಬಿಗ್, ಲೋಹಕ್ಕೆ ತನ್ನ ಜಾಗ ಬಿಟ್ಟುಕೊಡಬಲ್ಲ ಜಲಜನಕ ಇರುವ ವಸ್ತುವೇ ಆಮ್ಲ ಎಂದ. ಸ್ವೀಡನ್ನಿನ ಅರೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪ್ರಬಂಧಕ್ಕೆ ಕೆಳದರ್ಜೆಯ ಅಂಕ ಬಂತು. ಅದರಿಂದ ಬೆಳೆದ ವಿಚಾರಕ್ಕೆ 1903ರಲ್ಲಿ ನೊಬೆಲ್ ಬಂತು. ಆಮ್ಲ ನೀರಿನಲ್ಲಿ ಕರಗಿದಾಗ ಜಲಜನಕದ ಅಯಾನುಗಳನ್ನು ಬಿಡುತ್ತದೆ, ಹುಳಿ ಇರುವುದು ಅದರಲ್ಲಿ ಎಂಬುದು ಆ ವಿಚಾರ. ನಮ್ಮ ಹತ್ತನೇ ತರಗತಿಯ ಪ್ರಯೋಗ ಇದನ್ನೇ ತೋರಿಸುವುದು: ಹೈಡ್ರೋಕ್ಲೋರಿಕ್ ಆಮ್ಲದ ಒಣ ಅನಿಲ ಒಣಗಿದ ನೀಲಿ ಲಿಟ್ಮಸ್ ಕಾಗದವನ್ನು ಮುಟ್ಟಿದರೂ ಬಣ್ಣ ಬದಲಾಗದು. ಕಾಗದವನ್ನು ಒದ್ದೆ ಮಾಡಿದೊಡನೆ ಕೆಂಪಾಗುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಲವಾಸಿಯೆಗೆ ಅನ್ಯಾಯ ಮಾಡಿದಂತಾಗುತ್ತದೆ. ನೀರಿನಲ್ಲಿ ಆ ಜಲಜನಕದ ಅಯಾನು ಒಂಟಿಯಾಗಿ ಇರುವುದಿಲ್ಲ. ನೀರಿನ ಅಣುವಿನ ಆಮ್ಲಜನಕಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಗಂಧಕದ ಆಮ್ಲದಲ್ಲಾಗಲಿ ಹುಣಸೆಯ ಆಮ್ಲದಲ್ಲಾಗಲಿ ಕಳಚಿಕೊಳ್ಳುವ ಜಲಜನಕ ಜೋತುಬಿದ್ದಿರುವುದೂ ಆಮ್ಲಜನಕಕ್ಕೇ. ಕ್ಲೋರಿನ್ನಿನ ಆಮ್ಲಜನಕಯುಕ್ತ ಆಮ್ಲಗಳನ್ನು ಸಾಲಾಗಿ ನಿಲ್ಲಿಸಿದರೆ, ಒಂದೇ ಆಮ್ಲಜನಕ ಇರುವ ಹೈಪೋಕ್ಲೋರಸ್ ದುರ್ಬಲ, ನಾಲ್ಕು ಇರುವ ಪರ್ಕ್ಲೋರಿಕ್ ಅತ್ಯಂತ ಪ್ರಬಲ. ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದು ಜಲಜನಕದ ಹಿಡಿತವನ್ನು ಸಡಿಲ ಮಾಡುತ್ತದೆ. ಅಪ್ಪನಲ್ಲದಿದ್ದರೂ ಅನೇಕ ಆಮ್ಲಗಳಿಗೆ ಸೋದರಮಾವನಂತೂ ಹೌದು. ಲವಾಸಿಯೆ ಕಂಡದ್ದು ಸುಳ್ಳಲ್ಲ. ‘ಅನೇಕ’ ಎಂಬಲ್ಲಿ ‘ಎಲ್ಲ’ ಎಂದ, ತಪ್ಪಿದ್ದು ಅಲ್ಲಿ.

ಹೆಸರು ಮಾತ್ರ ಊರೂರು ಸುತ್ತಿತು. ಜರ್ಮನ್ನರು ‘ಸೌಅರ್‌ಷ್ಟೋಫ್’ ಎಂದರು, ರಷ್ಯನ್ನರು ‘ಕಿಸ್ಲೊರೋದ್’ ಎಂದರು, ಜಪಾನೀಯರು ‘ಸಾನ್ಸೊ’ ಎಂದರು, ಬಂಗಾಳಿಗಳು ‘ಅಮ್ಲಜಾನ್’ ಎಂದರು. ಎಲ್ಲವೂ ಹುಳಿಯ ಹೆಸರುಗಳೇ. ನಾವು ‘ಆಮ್ಲಜನಕ’ ಎಂದೆವು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುತ್ತಾರಲ್ಲ, ಹಾಗೆ. ಇಂಗ್ಲಿಷಿನವರಿಗೆ ಗ್ರೀಕ್ ಬಾರದ ಕಾರಣ ಆಕ್ಸಿಜನ್ನಿನ ತಪ್ಪು ಕಿವಿಗೆ ತಾಗದು. ನಮ್ಮ ಹೆಸರು ಅರ್ಥವಾಗುತ್ತದೆ, ಹಾಗಾಗಿಯೇ ಆ ಹುಡುಗಿಗೆ ಪ್ರಶ್ನೆ ಹುಟ್ಟಿತು. ತೂಕದಲ್ಲಿ ನೀರಿನ ಒಂಬತ್ತು ಪಾಲಿನಲ್ಲಿ ಎಂಟು ಪಾಲು ಆಮ್ಲಜನಕವೇ. ನ್ಯಾಯವಾಗಿ ನೋಡಿದರೆ ಅದಕ್ಕೇ ಜಲಜನಕವೆಂದೂ, ಈಗಿನ ಜಲಜನಕಕ್ಕೆ ಆಮ್ಲಜನಕವೆಂದೂ ಹೆಸರು ಅದಲುಬದಲಾಗಬೇಕಿತ್ತು.

ಹಾಗೆಂದು ಹೆಸರು ಬದಲಿಸಬೇಕೇ? ‘ಪ್ರಾಣವಾಯು’ ಎಂಬ ಒಳ್ಳೆಯ ಮಾತು ನಮ್ಮಲ್ಲಿದೆ. ಲವಾಸಿಯೆಯ ಮೊದಲ ಹೆಸರಿಗೆ ಅದೇ ಹತ್ತಿರ. 2021ರ ಬೇಸಗೆಯಲ್ಲಿ ಪತ್ರಿಕೆಗಳ ಮುಖಪುಟದ ತುಂಬ ‘ಆಮ್ಲಜನಕ’ ಎಂಬ ಪದ ಇದ್ದಾಗ, ಸಿಲಿಂಡರಿಗಾಗಿ ಓಡಾಡುತ್ತಿದ್ದ ಯಾರಿಗೂ ಅದರಲ್ಲಿ ಹುಳಿ ಕೇಳಿಸಲಿಲ್ಲ, ಉಸಿರು ಮಾತ್ರ ಕೇಳಿಸಿತು. ಬಳಸುವ ಜನ ಪದಕ್ಕೆ ಬೇರೆಯೇ ಅರ್ಥ ಕೊಟ್ಟುಕೊಂಡಿದ್ದಾರೆ. ಅದನ್ನು ಕಿತ್ತುಕೊಳ್ಳುವ ಮನಸ್ಸು ನನಗಿಲ್ಲ. ಆದರೆ ಅದರೊಳಗಿನ ತಪ್ಪನ್ನು ಮುಚ್ಚಿಡುವ ಮನಸ್ಸೂ ಇಲ್ಲ.

ಈಗ ಪ್ರತಿ ವರ್ಷ ಆ ಪಾಠದ ಮೊದಲ ದಿನ ಹಲಗೆಯ ಮೇಲೆ ಎರಡೇ ಮಾತು ಬರೆಯುತ್ತೇನೆ: ಆಮ್ಲಜನಕ, ಹೈಡ್ರೋಕ್ಲೋರಿಕ್ ಆಮ್ಲ. ಬರೆದು ಸುಮ್ಮನೆ ಕಾಯುತ್ತೇನೆ. ಕೆಲವು ವರ್ಷ ಯಾರೂ ಏನೂ ಕೇಳುವುದಿಲ್ಲ. ಕೆಲವು ವರ್ಷ ಯಾವುದೋ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. ಆ ದಿನ ಪಾಠ ಮುಗಿಯುವುದಿಲ್ಲ. ಮುಗಿಸಲು ನಾನು ಅವಸರ ಮಾಡುವುದೂ ಇಲ್ಲ.